ಬಾಯಿ ಮೂಸುವ ಕೆಲಸ

ನನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ ಇಳಕಲ್ಲಿನ ಒಂದು ಕಲ್ಲಿನ ಕಂಪನಿಯಲ್ಲಿ ನನಗೆ ಸಿಕ್ಕಿದ್ದು ಬಾಯಿ ಮೂಸುವ ಕೆಲಸ. ಆರ್ಡರಿನ ಕಾಗದದಲ್ಲಿ ಟೈಮ್‌ಕೀಪರ್ ಎಂದಿತ್ತು; ಯಾರಾದರೂ ಕೇಳಿದರೆ ನಾನೂ ಹಾಗೇ ಹೇಳಿ ಮೀಸೆ ತೀಡಿಕೊಳ್ಳುತ್ತಿದ್ದೆ. ಆದರೆ ದಿನಾ ಬೆಳಿಗ್ಗೆ ಏಳು ಗಂಟೆಗೆ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು, ಲಾರಿ ಡ್ರೈವರುಗಳು, ಕ್ರೇನಿನವರು, ಕಲ್ಲಿಗೆ ಮದ್ದು ತುಂಬುವವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ "ಹಾ ಅನ್ರಿ" ಎಂದು ಅವರ ಬಾಯಿಯ ಮುಂದೆ ಮೂಗು ಹಿಡಿಯುವುದೇ ನನ್ನ ದೊಡ್ಡ ಕೆಲಸವಾಗಿತ್ತು. ವಾಸನೆ ಇಲ್ಲದಿದ್ದರೆ ಕೀಲಿ ಕೊಡುವುದು, ಇದ್ದರೆ ಮನೆಗೆ ಕಳಿಸುವುದು. ರಿಜಿಸ್ಟರಿನಲ್ಲಿ ಹೆಸರಿನ ಮುಂದೆ 'ಇದೆ' ಅಥವಾ 'ಇಲ್ಲ' ಎಂದು ಬರೆಯುವುದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು.

ಈ ಪದ್ಧತಿ ತಂದವರು ಮೈಸೂರು ಕಡೆಯಿಂದ ಬಂದ ಮ್ಯಾನೇಜರು. ಕ್ರೇನಿನವನೊಬ್ಬ ಕುಡಿದು ಬಂದು ಕಲ್ಲನ್ನು ಕೆಳಗೆ ಬಿಟ್ಟ ಮೇಲೆ ಅವರಿಗೆ ಶಿಸ್ತಿನ ಹುಚ್ಚು ಹಿಡಿಯಿತು. ಒಂದು ದಿನ ನನ್ನನ್ನು ಒಳಗೆ ಕರೆದರು.

"ನಿಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ ತಾನೇ?"

"ನಮ್ಮದು ಶರಣರ ದಾರಿ ಹಿಡಿದ ಮನಿತನರಿ. ಸಾರಾಯಿ ಅಂಗಡಿ ಇರೂ ಓಣ್ಯಾಗ ನಮ್ಮಪ್ಪ ಹಾಯೂದಿಲ್ಲ" ಎಂದೆ. ಹೇಳುವಾಗ ಎದೆ ಸ್ವಲ್ಪ ಉಬ್ಬಿತ್ತು.

"ಹಾಗಾದರೆ ನಿಮ್ಮ ಮೂಗು ಶುದ್ಧವಾಗಿದೆ. ಈ ಕೆಲಸಕ್ಕೆ ನೀವೇ ಸರಿ."

ಹುಟ್ಟಿದಾಗಿನಿಂದ ಸೆರೆಯ ವಾಸನೆಯನ್ನೇ ಕಾಣದ ಮೂಗು ಸೆರೆಯನ್ನು ಹೇಗೆ ಗುರುತು ಹಿಡಿಯುತ್ತದೆ ಎಂದು ಅವರೂ ಯೋಚಿಸಲಿಲ್ಲ, ನಾನೂ ಕೇಳಲಿಲ್ಲ. ನನಗೆ ತರಬೇತಿ ಕೊಡಲು ಅವರು ತಮ್ಮ ಕಪಾಟಿನಿಂದ ಒಂದು ಬ್ರಾಂಡಿ ಬಾಟಲಿ ತೆಗೆದು, ಮುಚ್ಚಳ ತಿರುವಿ ನನ್ನ ಮೂಗಿನ ಕೆಳಗೆ ಹಿಡಿದರು. "ಚೆನ್ನಾಗಿ ನೆನಪಿಟ್ಟುಕೊಳ್ಳಿ." ತೀರಾ ಮಾಗಿ ಕಪ್ಪಾದ ಹಣ್ಣಿನ ಹಾಗೆ ಒಂದು ಸಿಹಿ ವಾಸನೆ. ನನ್ನ ಶಾಲೆ ಅಲ್ಲಿಗೆ ಮುಗಿಯಿತು. ಇಳಕಲ್ಲಿನ ಲಾರಿ ಡ್ರೈವರುಗಳು ಬ್ರಾಂಡಿಯನ್ನು ಕನಸಿನಲ್ಲಿಯೂ ಕಾಣುತ್ತಿರಲಿಲ್ಲ, ಅವರದೇನಿದ್ದರೂ ಸಾರಾಯಿ. ಅದರ ಘಾಟು ನಾಲ್ಕು ದಿನಕ್ಕೆ ನನಗೆ ತಾನಾಗಿಯೇ ಗೊತ್ತಾಯಿತು. ಆದರೂ ಮೊದಲ ಪಾಠ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು: ಹಣ್ಣಿನ ವಾಸನೆ ಬಂದರೆ ಅದು ಸೆರೆ.

ನನಗೆ ಆ ಕುರ್ಚಿಯ ಸೊಕ್ಕು ಬೇಗ ಏರಿತು. ಯಾಲಕ್ಕಿ ಅಗಿಯುತ್ತ ಬಂದವನು ಕಳ್ಳ, ಹಸಿ ಉಳ್ಳಾಗಡ್ಡಿ ತಿಂದು ಬಂದವನು ಮಹಾಕಳ್ಳ, ತಂಬಾಕು ತುಂಬಿಕೊಂಡು ಬಂದವನನ್ನು ಉಗುಳಿ ಬಾ ಎಂದು ಎರಡು ಸಲ ತಿರುಗಿಸುವುದು. ನನ್ನ ಅಪ್ಪನ ವಯಸ್ಸಿನವರು ಬಾಯಿ ತೆರೆದು ನಿಂತಿರುತ್ತಿದ್ದರು. ನಾನು ಬೇಕೆಂದೇ ನಿಧಾನ ಮಾಡುತ್ತಿದ್ದೆ. ಇದನ್ನು ಈಗ ಬರೆಯುವಾಗ ಮೈ ಕುಗ್ಗುತ್ತದೆ, ಆಗ ಕುಗ್ಗುತ್ತಿರಲಿಲ್ಲ.

ಶಿಸ್ತಿಗೂ ಒಂದು ಹಿಂಬಾಗಿಲು ಇತ್ತು. ಇಳಕಲ್ಲಿನ ಕೆಂಪು ಕಲ್ಲು ಲಾರಿಯ ಮೇಲೆ ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಯ ಸ್ಟೇಶನ್ನಿಗೆ ಹೋಗಿ, ಅಲ್ಲಿ ರೈಲಿನ ವ್ಯಾಗನ್ನು ಏರಬೇಕು. ವ್ಯಾಗನ್ನು ಬಂದು ನಿಂತಿದೆ ಎಂಬ ಸುದ್ದಿ ಬಂದ ದಿನ ಮ್ಯಾನೇಜರು ನನ್ನ ಕುರ್ಚಿಯ ಹತ್ತಿರ ಬಂದು, "ಇವತ್ತು ಬಹಳ ಆಳಕ್ಕೆ ಮೂಸಬೇಡಿ" ಎನ್ನುತ್ತಿದ್ದರು. ಲೋಡಿನ ದಿನ ನನ್ನ ಮೂಗಿಗೆ ಸೂಟಿ. ಆ ದಿನ ಎಲ್ಲರ ಮುಂದೆಯೂ 'ಇಲ್ಲ' ಎಂದೇ ಬರೆಯುತ್ತಿದ್ದೆ. ಕಂಪನಿ ನಡೆಯುವುದೇ ಹೀಗೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ನಮ್ಮಲ್ಲಿ ಐವತ್ತರ ಹತ್ತಿರದ ಒಬ್ಬ ಡ್ರೈವರ್ ಇದ್ದ. ಹುನಗುಂದದ ಆಚೆ, ಕೂಡಲಸಂಗಮದ ದಾರಿಯ ಒಂದು ಹಳ್ಳಿಯವನು. ಬೀರಪ್ಪ ದೇವರ ಒಕ್ಕಲು; ಹಣೆಗೆ ಭಂಡಾರದ ಅರಿಶಿನ ಹಚ್ಚದೆ ಸ್ಟೇರಿಂಗು ಮುಟ್ಟುತ್ತಿರಲಿಲ್ಲ. ಮೊದಲು ಕುಳಗೇರಿ ಕ್ರಾಸಿನಲ್ಲಿ ಯಾರದೋ ಲಾರಿ ಹೊಡೆಯುತ್ತಿದ್ದನಂತೆ. ಎಲ್ಲಕ್ಕಿಂತ ದೊಡ್ಡ ಕಲ್ಲುಗಳನ್ನು ಅವನ ಲಾರಿಗೇ ಏರಿಸುತ್ತಿದ್ದರು, ಯಾಕೆಂದರೆ ಅಷ್ಟು ಭಾರ ಹೊತ್ತು ಇಳಿಜಾರಿನಲ್ಲಿ ಲಾರಿಯನ್ನು ಹಿಡಿದಿಡುವ ಕೈ ಬೇರೆ ಯಾರದೂ ಇರಲಿಲ್ಲ. ಎಲ್ಲರೂ ಅವನಿಗೆ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನನ್ನ ಮೂಸಾಟಕ್ಕೆ ಬೇಸರಿಸದಿದ್ದವನು ಅವನೊಬ್ಬನೇ.

"ಉಸರ ಬಿಗಿ ಹಿಡ್ಕೋರಿ ಸಾಹೇಬ್ರ, ನಿನ್ನಿ ಬಳ್ಳೊಳ್ಳಿ ಚಟ್ನಿ ತಿಂದೇನಿ. ಬಿದ್ದ ಗಿದ್ದೀರಿ" ಎಂದು ಬಾಯಿ ತೆರೆಯುತ್ತಿದ್ದ.

ಒಂದು ಚಳಿಗಾಲದಲ್ಲಿ ಅವನ ಉಸಿರು ಬದಲಾಯಿತು. ಅದೇ ಸಿಹಿ, ಅದೇ ಮಾಗಿದ ಹಣ್ಣು. ಬಾಟಲಿಯ ಮುಚ್ಚಳ ತೆಗೆದ ಹಾಗೇ ಆಯಿತು. ನಾನು 'ಇದೆ' ಎಂದು ಬರೆದೆ, ಕೀಲಿ ಕೊಡಲಿಲ್ಲ. ಅವನು ನಕ್ಕ, ಹುಡುಗಾಟಿಕೆ ಎಂದುಕೊಂಡ. ಆಮೇಲೆ ನಗು ನಿಂತಿತು.

"ನಾ ಮುಟ್ಟಿಲ್ರಿ ಸಾಹೇಬ್ರ. ಬೀರಪ್ಪನ ಆಣಿ."

ಎರಡು ದಿನ ಮನೆಗೆ ಕಳಿಸಿದೆ. ಪಾಳಿಯಲ್ಲಿದ್ದ ಇನ್ನೊಬ್ಬ ಡ್ರೈವರ್ ನನ್ನ ಹತ್ತಿರ ಬಂದು, "ಸಾರಾಯಿ ಹಂಗ ನಾರೂದಿಲ್ರಿ, ಬ್ಯಾರೆ ಏನರ ಇರಬೇಕು" ಎಂದ. "ನಿನಗ ಭಾಳ ಗೊತ್ತೈತೇನು?" ಎಂದು ಅವನ ಬಾಯಿ ಮುಚ್ಚಿಸಿದೆ. ಕುಡಿಯುವವನಿಗೆ ಗೊತ್ತಿರುವಷ್ಟು ಕುಡಿಯದವನಿಗೆ ಗೊತ್ತಿರುವುದಿಲ್ಲ ಎಂಬ ಸಾದಾ ಮಾತು ನನ್ನ ತಲೆಗೆ ಹೋಗಲಿಲ್ಲ.

ಕಾಕಾ ಮೂರನೆಯ ದಿನ ಬಂದಾಗಲೂ ವಾಸನೆ ಹಾಗೇ ಇತ್ತು. ಅಷ್ಟರಲ್ಲಿ ವ್ಯಾಗನ್ನು ಬಂದಿತ್ತು. "ಆ ಮನುಷ್ಯ ಇಲ್ಲದೆ ದೊಡ್ಡ ಬ್ಲಾಕು ಹೋಗುವುದಿಲ್ಲ. 'ಇಲ್ಲ' ಎಂದು ಬರೆಯಿರಿ" ಎಂದರು ಮ್ಯಾನೇಜರು. ಬರೆದೆ. ಮರುದಿನವೂ ಬರೆದೆ. ಮೂರು ನಾಲ್ಕು ವಾರ ದಿನವೂ ಆ ಸಿಹಿ ವಾಸನೆಯನ್ನು ಮೂಸುತ್ತ, ದಿನವೂ 'ಇಲ್ಲ' ಎಂದು ಬರೆಯುತ್ತ ಹೋದೆ. ಮ್ಯಾನೇಜರ ಮುದ್ದಿನ ಕುಡುಕ ಎಂದು ಮನಸ್ಸಿನಲ್ಲಿ ಅವನನ್ನು ಬೈದುಕೊಂಡೆ. ಅಂಗಿ ಅವನ ಮೈಮೇಲೆ ಜೋಲಾಡುತ್ತಿತ್ತು. ಅದನ್ನೂ ಕುಡಿತದ ಲೆಕ್ಕಕ್ಕೆ ಸೇರಿಸಿದೆ. ಪಾಪ, ಅವನು ನನ್ನ ರಿಜಿಸ್ಟರನ್ನು ನಂಬಿದ್ದ. "ನೋಡಿದ್ರ್ಯಾ? ಅವತ್ತ ಒಂದಿನ ನಿಮ್ಮ ಮೂಗ ತಪ್ಪಿತ್ತು" ಎಂದು ಖುಷಿಯಿಂದ ಕೀಲಿ ತೆಗೆದುಕೊಂಡು ಹೋಗುತ್ತಿದ್ದ.

ಆಮೇಲೆ ಆ ಸೋಮವಾರ ಬಂತು. ಬೆಳಿಗ್ಗೆ ಏಳಕ್ಕೆ ಮೂಸಿದೆ, ವಾಸನೆ ಇತ್ತು, 'ಇಲ್ಲ' ಎಂದು ಬರೆದು ಕೀಲಿ ಕೊಟ್ಟೆ. ಹನ್ನೊಂದರ ಸುಮಾರಿಗೆ ಹುನಗುಂದ ದಾಟಿ ಅಮೀನಗಡದ ಈಚೆ ಲಾರಿ ರಸ್ತೆ ಬಿಟ್ಟು ಹೊಲಕ್ಕೆ ಇಳಿಯಿತು. ಕಲ್ಲು ಉರುಳಿ ಎರಡು ಹೋಳಾಯಿತು. ಯಾರೂ ಸಾಯಲಿಲ್ಲ. ಕಾಕಾನ ಹಣೆಗೆ ಒಂದು ಗಾಯ ಅಷ್ಟೇ. ಹೊಲದವರು ಓಡಿ ಬಂದಾಗ ಅವನು ಜಾಲಿ ಗಿಡದ ಕೆಳಗೆ ಕೂತು, ತೊದಲುತ್ತ, ಇವತ್ತು ಯಾವ ವಾರ ಎಂದು ಕೇಳುತ್ತಿದ್ದನಂತೆ. ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಕುಡದಾನ.

ಪೊಲೀಸರ ಹತ್ತಿರ ಹೋದರೆ ಲಾರಿಯ ಮೇಲೆ ಎಷ್ಟು ಭಾರ ಏರಿಸಿದ್ದರು ಎಂಬುದೂ ಹೊರಗೆ ಬರುತ್ತಿತ್ತು. ಹಾಗಾಗಿ ಕಂಪನಿ ತನ್ನ ವಿಚಾರಣೆ ತಾನೇ ಮಾಡಿಕೊಂಡಿತು. ಅವನ ಹಣೆಗೆ ಪಟ್ಟಿ ಕಟ್ಟಿಸಿ, ಇನ್ನೊಂದು ಲಾರಿಯಲ್ಲಿ ಕೂಡಿಸಿಕೊಂಡು ಇಳಕಲ್ಲಿಗೆ ತಂದಾಗ ಸಂಜೆ ಐದು ಗಂಟೆ. ಡಾಕ್ಟರಿಗೆ ತೋರಿಸಬೇಕೆಂದು ಯಾರೂ ಅನ್ನಲಿಲ್ಲ. ಡಾಕ್ಟರು ಯಾಕೆ, ನಾನಿದ್ದೆನಲ್ಲ.

"ಮೂಸಿ ಹೇಳಿ" ಎಂದರು ಮ್ಯಾನೇಜರು.

ಮೂಸಿದೆ. ಅದೇ ಹಣ್ಣು. "ಐತ್ರಿ" ಎಂದೆ.

ಮ್ಯಾನೇಜರು ಕಪಾಟಿನಿಂದ ಒಂದು ಪೆಟ್ಟಿಗೆ ತೆಗೆದರು. ಮುಂಬಯಿಯಿಂದ ತರಿಸಿದ್ದ ಗಾಜಿನ ಕೊಳವೆಗಳು. ಒಳಗೆ ಹಳದಿ ಹರಳು, ಒಂದು ತುದಿಗೆ ರಬ್ಬರಿನ ಚೀಲ. ಕುಡಿದವನು ಊದಿದರೆ ಹಳದಿ ಹಸಿರಾಗುತ್ತದಂತೆ. ಎರಡು ಮೂರು ಬೇಸಿಗೆ ಆ ತಗಡಿನ ಕೋಣೆಯಲ್ಲಿ ಬಿದ್ದುಕೊಂಡಿದ್ದ ಪೆಟ್ಟಿಗೆ ಅದು. ಕಾಕಾ ಇದ್ದ ಶಕ್ತಿಯೆಲ್ಲ ಹಾಕಿ ಊದಿದ. ಮ್ಯಾನೇಜರು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅಂಚಿನಲ್ಲಿ ಹಸಿರಾಗಿದೆ, ಅಲ್ಲವೇ?" ಎಂದರು. ನನಗೆ ಅದು ಹಸಿರೋ ಮಾಸಿದ ಹಳದಿಯೋ ತಿಳಿಯಲಿಲ್ಲ. ಹೌದು ಎಂದು ಗೋಣು ಹಾಕಿದೆ. ಮರುದಿನ ಆ ಪೆಟ್ಟಿಗೆಯನ್ನು ತೆರೆದು ನೋಡಿದೆ. ಯಾರೂ ಊದದ ಕೊಳವೆಗಳ ಅಂಚೂ ಹಾಗೇ ಇತ್ತು.

ಪೆಟ್ಟಿಗೆಯ ಜೊತೆ ಅಚ್ಚಾದ ಒಂದು ಹಾಳೆ ಇತ್ತು, ಇಂಗ್ಲಿಷಿನದು. ಕುಡಿದದ್ದು ರಕ್ತದಲ್ಲಿ ತಾಸಿಗೆ ಇಷ್ಟು ಎಂದು ಇಳಿಯುತ್ತ ಹೋಗುತ್ತದೆ, ಆದ್ದರಿಂದ ಈಗ ಇಷ್ಟಿದ್ದರೆ ಕೆಲವು ತಾಸಿನ ಹಿಂದೆ ಎಷ್ಟಿತ್ತು ಎಂದು ಹಿಂದಕ್ಕೆ ಎಣಿಸಬಹುದು ಎಂದು ಅದರಲ್ಲಿದೆಯೆಂದು ಮ್ಯಾನೇಜರು ನಮಗೆ ಬಿಡಿಸಿ ಹೇಳಿದರು. ಬಿಳಿ ಹಾಳೆಯ ಮೇಲೆ ಗೆರೆ ಎಳೆದರು. ಬಲಗಡೆಯ ತುದಿಯಲ್ಲಿ ಸಂಜೆ ಐದು, ಅಲ್ಲಿ ಗೆರೆ ಗಿಡ್ಡ. ನಾಲ್ಕಕ್ಕೆ ಒಂದಿಷ್ಟು ಎತ್ತರ, ಮೂರಕ್ಕೆ ಇನ್ನೊಂದಿಷ್ಟು. ಹೀಗೆ ಏರುತ್ತ ಏರುತ್ತ ಹನ್ನೊಂದಕ್ಕೆ ಬಂದಾಗ ಗೆರೆ ಹಾಳೆಯ ನೆತ್ತಿ ಮುಟ್ಟಿತ್ತು. ಅಲ್ಲಿಂದ ಇನ್ನೂ ಹಿಂದಕ್ಕೆ ಎಳೆದಿದ್ದರೆ ಏಳು ಗಂಟೆಗೆ ಮತ್ತೂ ಮೇಲೆ ಹೋಗಬೇಕಿತ್ತು. ಆದರೆ ಏಳು ಗಂಟೆಯ ಜಾಗದಲ್ಲಿ ನನ್ನ ರಿಜಿಸ್ಟರು 'ಇಲ್ಲ' ಎನ್ನುತ್ತಿತ್ತು. ಮ್ಯಾನೇಜರು ಗೆರೆಯನ್ನು ಅಲ್ಲಿಗೇ ಕತ್ತರಿಸಿ, ತಲೆ ಎತ್ತಿ ಕೇಳಿದರು.

"ದಾರಿಯಲ್ಲಿ ಎಲ್ಲಿ ಲಾರಿ ನಿಲ್ಲಿಸಿದೆ?"

"ಹುನಗುಂದದಾಗ ಚಾ ಕುಡದೆರಿ."

ಏಳಕ್ಕೂ ಹನ್ನೊಂದಕ್ಕೂ ನಡುವೆ ಒಂದು ಚುಕ್ಕಿ ಬಿತ್ತು. "ಇಲ್ಲಿ ಕುಡಿದಿದ್ದಾನೆ." ಕಂಪನಿಗೆ ಬೇಕಾಗಿದ್ದ ಹೊತ್ತು ಸಿಕ್ಕಿಬಿಟ್ಟಿತು. ಗೇಟಿನಲ್ಲಿ ಕುಡಿದಿರಲಿಲ್ಲವೆಂದರೆ ಮ್ಯಾನೇಜರ ತಪ್ಪಿಲ್ಲ, ನನ್ನ ತಪ್ಪಿಲ್ಲ.

ಕಾಕಾ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ, ಭರವಸೆ ಇತ್ತು.

"ನೀವ ಮೂಸಿದ್ರೆಲ್ರಿ ಮುಂಜಾನಿ. ಹೇಳ್ರಿ ಸಾಹೇಬ್ರ, ಏನರ ಇತ್ತೇನು?"

ಅಲ್ಲಿ ನಿಂತಾಗಲೇ ನನಗೊಂದು ಮಾತು ಹೊಳೆದಿತ್ತು. ಬೆಳಿಗ್ಗೆ ಏಳಕ್ಕೆ ಎಷ್ಟು ವಾಸನೆ ಇತ್ತೋ ಸಂಜೆ ಐದಕ್ಕೂ ಅಷ್ಟೇ ಇತ್ತು. ಒಂದು ತಿಂಗಳಿನಿಂದ ದಿನಾ ಅಷ್ಟೇ ಇತ್ತು. ಹಾಳೆ ಹೇಳುವ ಹಾಗೆ ಸೆರೆ ತಾಸಿಗೆ ಇಷ್ಟು ಇಳಿಯುವುದು ಖರೆಯಾದರೆ, ಇಳಿಯದ ಈ ವಾಸನೆ ಸೆರೆಯದಾಗುವುದು ಹೇಗೆ? ಇಷ್ಟು ಹೇಳಿದ್ದರೆ ಸಾಕಿತ್ತು, ಆ ಗೆರೆ ಅಲ್ಲಿಯೇ ಕುಸಿಯುತ್ತಿತ್ತು. ಆದರೆ ಬೆಳಿಗ್ಗೆಯೂ ವಾಸನೆ ಇತ್ತು ಎಂದರೆ ಮುಂದಿನ ಪ್ರಶ್ನೆ, ಮತ್ತೆ ಕೀಲಿ ಯಾಕೆ ಕೊಟ್ಟೆ ಎಂಬುದು. ಮ್ಯಾನೇಜರು ಬರೆಯಲು ಹೇಳಿದರು ಎಂದರೆ ನನ್ನ ಕುರ್ಚಿ ಹೋಗುತ್ತಿತ್ತು. ಅವರು ನನ್ನನ್ನೇ ನೋಡುತ್ತಿದ್ದರು.

"ಮುಂಜಾನಿ ಏನೂ ಇರಲಿಲ್ರಿ" ಎಂದೆ.

ಕಾಕಾನ ಮುಖ ಅರಳಿತು. ತನ್ನ ಪರವಾಗಿ ಸಾಕ್ಷಿ ಹೇಳಿದೆನೆಂದು ತಿಳಿದುಕೊಂಡ. ಆ ಮಾತೇ ತನ್ನನ್ನು ಮುಳುಗಿಸಿತೆಂದು ಅವನಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಅವನನ್ನು ಕೆಲಸದಿಂದ ತೆಗೆದರು. ಕೆಲಸದ ನಡುವೆ ಕುಡಿದು ಲಾರಿ ಕೆಡವಿದ ಎಂದು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದರ ಒಂದು ಪ್ರತಿಯನ್ನು ಅವನ ಕೈಗೂ ಕೊಟ್ಟರು. ಅಂಥ ಕಾಗದದವನಿಗೆ ಈ ಸೀಮೆಯಲ್ಲಿ ಇನ್ನು ಯಾರು ಲಾರಿ ಕೊಡುತ್ತಾರೆ?

ನಾನು ಗೇಟಿನಲ್ಲಿಯೇ ಮುಂದುವರಿದೆ.

ಸುಮಾರು ಹತ್ತು ತಿಂಗಳ ಮೇಲೆ ನನ್ನ ಅಕ್ಕನ ಗಂಡನನ್ನು ಬಾಗಲಕೋಟೆಯ ಒಂದು ಖಾಸಗಿ ದವಾಖಾನೆಯಲ್ಲಿ ಇಟ್ಟಿದ್ದರು. ನೋಡಲು ಹೋದೆ. ಪಕ್ಕದ ಮಂಚದಲ್ಲಿ ಒಬ್ಬಳು ಮುದುಕಿ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಅವಳ ಸೆರಗು ಸರಿಪಡಿಸಲು ಬಗ್ಗಿದ ನರ್ಸಿಗೆ ದಾರಿ ಬಿಡುತ್ತ ನಾನೂ ಹತ್ತಿರ ಸರಿದೆ. ಆ ವಾಸನೆ ಬಂತು. ಅದೇ. ನನ್ನ ಮೂಗು ತಪ್ಪುವ ಹಾಗಿರಲಿಲ್ಲ, ಅದನ್ನು ಒಂದು ತಿಂಗಳು ದಿನಾ ಮೂಸಿದ್ದೆ. ಡಾಕ್ಟರು ಬಂದಾಗ ಮೆಲ್ಲಗೆ ಕೇಳಿದೆ, "ಈ ಅವ್ವ ಏನರ ತಗೋತಾರೇನ್ರಿ? ವಾಸನಿ ಬರಾಕತ್ತೈತಿ."

ಡಾಕ್ಟರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಸಕ್ಕರಿ ಬ್ಯಾನಿರೀ ಅದು. ಭಾಳ ಏರಿದ್ರ ಉಸರು ಹಣ್ಣ ಕೊಳತಂಗ ನಾರತೈತಿ. ಮಾತು ತೊದಲತೈತಿ, ಕಣ್ಣಿಗೆ ಮಬ್ಬ ಬರತೈತಿ, ತಾ ಎಲ್ಲದೀನಿ ಅನ್ನೂದ ತಿಳಿಯೂದಿಲ್ಲ. ಮಂದಿ ಕುಡದಾರ ಅಂತ ತಿಳಕೋತಾರ. ಕುಡದಿದ್ರ ಸಂಜಿತನಕ ವಾಸನಿ ಇಳದು ಹೋಗತಿತ್ತು. ಇದು ಇಳಿಯೂದಿಲ್ಲ, ಔಷಧ ಕೊಡೂತನಕ."

"ಕೊಡಲಿಲ್ಲಂದ್ರರಿ?"

"ಕೊಡಲಿಲ್ಲಂದ್ರ ಉಳಿಯೂದಿಲ್ಲ."

ಅಕ್ಕನಿಗೂ ಹೇಳದೆ ಹೊರಗೆ ಬಂದು ಹುನಗುಂದದ ಬಸ್ಸು ಹತ್ತಿದೆ. ಕಾಕಾನನ್ನು ಅವತ್ತೇ ಎಬ್ಬಿಸಿಕೊಂಡು ಬಂದು ಈ ಡಾಕ್ಟರ ಮುಂದೆ ಕೂಡಿಸಬೇಕು ಎಂಬುದೊಂದೇ ತಲೆಯಲ್ಲಿತ್ತು. ಬಸ್ಸು ಅಮೀನಗಡದಲ್ಲಿ ನಿಂತಾಗ ಜನ ಇಳಿದು ಕರದಂಟು ಕೊಳ್ಳುತ್ತಿದ್ದರು. ಅವರನ್ನೆಲ್ಲ ದಬ್ಬಿ ಬಸ್ಸಿಗೆ ತುಂಬಬೇಕೆನಿಸಿತು. ಅವನಿಗೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಕಟ್ಟುತ್ತ ಹೋದೆ. ತಪ್ಪಾಯಿತು ಕಾಕಾ ಎಂದು ಮೊದಲು ಹೇಳಿಬಿಡಬೇಕು, ಉಳಿದದ್ದು ಆಮೇಲೆ. ಹುನಗುಂದದಿಂದ ಅವನ ಹಳ್ಳಿಗೆ ನಡೆದೇ ಹೋದೆ.

ಅವನ ಹೆಂಡತಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಇಳಕಲ್ಲಿನ ಕಂಪನಿಯವನು ಎಂದೆ. ಅವಳು ಎದ್ದು ಕಂಬಳಿ ಹಾಸಿದಳು.

"ಕಾಕಾ ಎಲ್ಲದಾರ್ರಿ ಅವ್ವಾರ?"

"ಅವರು ಹೋಗಿ ಆರು ತಿಂಗಳಾತ್ರಿ."

ನಾನು ಕೂತೆ. ಅವಳೇ ಹೇಳಿದಳು. ದಿನೇ ದಿನೇ ಒಣಗಿ ಕಡ್ಡಿಯಾದನಂತೆ. ಒಂದು ಮುಂಜಾನೆ ಎಬ್ಬಿಸಿದರೆ ಏಳಲಿಲ್ಲ. ಚಕ್ಕಡಿಯಲ್ಲಿ ಹಾಕಿಕೊಂಡು ಹುನಗುಂದಕ್ಕೆ ಹೊರಟರು, ದಾರಿಯಲ್ಲಿಯೇ ಮುಗಿಯಿತು. ಕುಡಿದು ಕುಡಿದು ಕರುಳು ಸುಟ್ಟುಕೊಂಡ ಎಂದು ಊರವರು ಮಾತಾಡಿಕೊಂಡರಂತೆ. ಕಂಪನಿಯ ಕಾಗದವನ್ನು ಊರೆಲ್ಲ ಓದಿಸಿ ಕೇಳಿತ್ತು.

ಡಾಕ್ಟರು ಹೇಳಿದ್ದನ್ನು ನಾನು ಅವಳಿಗೆ ಹೇಳಿದೆ. ರೋಗ ಯಾವುದು, ವಾಸನೆ ಯಾತರದು, ಮಾತು ಯಾಕೆ ತೊದಲಿತು, ಎಲ್ಲ. ಅವಳು ಮೊರದಲ್ಲಿದ್ದ ಜೋಳದ ಮೇಲೆ ಕೈ ಇಟ್ಟುಕೊಂಡು ಕೇಳಿದಳು.

"ಹಂಗಾರ ಅವರು ಕುಡದಿದ್ದಿಲ್ಲ?"

"ಒಂದ ಹನಿ ಸೈತ ಕುಡದಿದ್ದಿಲ್ರಿ."

"ಅವರಿಗೇ ಗೊತ್ತಿದ್ದಿಲ್ರಿ ಅದು" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ನಿಧಾನವಾಗಿ ಹೇಳಿದಳು. ಕೆಲಸ ಹೋಗಿ ಬಂದವನು ಮೊದಮೊದಲು ಕುಡಿದಿಲ್ಲವೆಂದು ಜಗಳಾಡಿದನಂತೆ. ಆಮೇಲೆ ಅವನಿಗೇ ಸಂಶಯ ಹತ್ತಿತು. ಲಾರಿ ರಸ್ತೆ ಬಿಟ್ಟದ್ದು ಅವನಿಗೆ ನೆನಪಿರಲಿಲ್ಲ, ಜಾಲಿ ಗಿಡದ ಕೆಳಗೆ ಕೂತದ್ದೂ ನೆನಪಿರಲಿಲ್ಲ. ಒಂದು ದಿನ ಹುನಗುಂದಕ್ಕೆ ನಡೆದು ಹೋಗಿ, ಆ ಚಹಾದ ಅಂಗಡಿಯವನನ್ನು ಹಿಡಿದು, "ಅವತ್ತ ನಾ ನಿನ್ನ ಕಡೆ ಏನ್ ಕುಡದ್ನೆಪಾ?" ಎಂದು ಕೇಳಿದನಂತೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರಂತೆ. ಮನೆಗೆ ಬಂದವನು, ಕುಡಿದೇ ಇರಬೇಕು ನಾ, ನೆನಪಿಲ್ಲ ಎಂದ. ಬೀರಪ್ಪನ ಮುಂದೆ ಸುಳ್ಳು ಆಣೆ ಮಾಡಿದೆನೆಂದು ಒದ್ದೆ ಬಟ್ಟೆಯಲ್ಲಿ ಗುಡಿಯ ಸುತ್ತ ಉರುಳಿ ತಪ್ಪೊಪ್ಪಿಕೊಂಡ.

"ನಾ ಭಾಳ ಹೇಳಿದ್ನಿರಿ, ಕುಡದಿಲ್ಲಂದ್ರ ಕುಡದಿಲ್ಲ, ಹಂಗ್ಯಾಕ ಮಾಡ್ಕೋತಿ ಅಂತ. ಕೇಳಲಿಲ್ಲ. 'ಆ ಗೇಟಿನ ಸಾಹೇಬ್ರು ಸುಳ್ಳ ಹೇಳೂ ಮಂದಿ ಅಲ್ಲ. ಮುಂಜಾನಿ ನನ್ನ ಬಾಯಾಗ ಏನೂ ಇರಲಿಲ್ಲಂತ ಮ್ಯಾನೇಜರ ಮುಂದ ನಿಂತು ಹೇಳ್ಯಾರ. ಸಂಜೀಕ ಇತ್ತಂತ ಹೇಳಿದವರೂ ಅವರ. ಅಂದಮ್ಯಾಲೆ ನಡುವ ನಾ ಎಲ್ಲೋ ಕುಡದೇನಿ' ಅಂದರು. ಸಾಯೂತನಕ ಅದನ್ನ ಕೇಳತಿದ್ರು, ಎಲ್ಲಿ ಕುಡದೆ, ಯಾವಾಗ ಕುಡದೆ ಅಂತ."

ಅವಳು ಒಳಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದು ನನ್ನ ಕೈಗೆ ಕೊಟ್ಟಳು.

"ಆ ಗೇಟಿನ ಸಾಹೇಬ್ರು ಇನ್ನೂ ಅದಾರೇನ್ರಿ ಕಂಪನ್ಯಾಗ?"

"ಅದಾರ್ರಿ."

"ಅವರಿಗೆ ಇದನ್ನ ತಪ್ಪದಂಗ ಹೇಳ್ರಿ. ಭಾಳ ಸಮಾಧಾನ ಆಕ್ಕೈತಿ ಅವರಿಗೆ. ಅಷ್ಟ ಮಂದ್ಯಾಗ ನಮ್ಮವರ ಪರವಾಗಿ ಖರೆ ಹೇಳಿದವರು ಅವರೊಬ್ಬರ."

"ಹೇಳ್ತೇನ್ರಿ ಅವ್ವಾರ" ಎಂದೆ.